ಎಡಗೈಯ ಎರಡು ಬೆರಳು

ನನಗೆ ಕುಷ್ಠರೋಗ ಬಂದಿತ್ತು. ಈಗ ವಾಸಿಯಾಗಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆ ಹೆಸರು ಕೇಳಿದ ಕೂಡಲೇ ಕುರ್ಚಿ ಹಿಂದಕ್ಕೆ ಎಳೆದುಕೊಳ್ಳುವವರನ್ನು ಸಾಕಷ್ಟು ನೋಡಿದ್ದೇನೆ. ನೀವೂ ಎಳೆದುಕೊಳ್ಳುವುದಾದರೆ ಈಗಲೇ ಎಳೆದುಕೊಳ್ಳಿ, ನನಗೇನೂ ಬೇಜಾರಿಲ್ಲ. ಬೇಜಾರು ಮಾಡಿಕೊಳ್ಳುವುದಕ್ಕೆ ನನಗೆ ಒಬ್ಬಳೇ ಸಾಕಾಗಿದ್ದಾಳೆ.

ಅವಳು ಶೋಭಾ. ಮಂಡ್ಯದಲ್ಲಿ ಕಾಲೇಜು ಓದುವಾಗಿನಿಂದ ನನ್ನ ಗೆಳತಿ. ನಾನು ಮದ್ದೂರಿನ ಹತ್ತಿರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು, ಅವಳು ಊರಿನ ಪೇಟೆ ಬೀದಿಯಲ್ಲಿ ಮೆಡಿಕಲ್ ಶಾಪು ಇಟ್ಟವಳು. ನಲವತ್ತು ದಾಟಿ ಇಬ್ಬರಿಗೂ ರವಿಕೆ ಬಿಗಿಯಾಗತೊಡಗಿದಾಗ ಒಂದು ದಿನ ಅವಳೇ, “ಸೈಕಲ್ ತಗೊಳ್ಳೋಣ ಕಣೆ ರೇಣು, ತೆಳ್ಳಗೆ ಟೈರಿರುತ್ತಲ್ಲ, ಬಗ್ಗಿ ಓಡಿಸ್ತಾರಲ್ಲ, ಅದು” ಅಂದಳು. ನಾನು ನಕ್ಕೆ. ಎರಡು ತಿಂಗಳ ಮೇಲೆ ಇಬ್ಬರೂ ಹೆಲ್ಮೆಟ್ಟು ಹಾಕಿಕೊಂಡು ಪೇಟೆ ಬೀದಿಯಲ್ಲಿ ಹೊರಟಾಗ ನಗುವ ಸರದಿ ಊರಿನದಾಗಿತ್ತು. “ಯಾಕ್ ಮೇಡಮ್ಮೋರೇ, ಸ್ಕೂಟ್ರು ಕೆಟ್ಟೋಯ್ತಾ?” ಅಂತ ಕೇಳದವರಿಲ್ಲ.

ಭಾನುವಾರ ಬೆಳಗ್ಗೆ ಐದೂವರೆಗೆ ಹೊರಡುತ್ತಿದ್ದೆವು. ಮೈ ಬಗ್ಗದ ದಿನ ವೈದ್ಯನಾಥಪುರದವರೆಗೆ ಹೋಗಿ, ಹೊಳೆ ದಂಡೆಯಲ್ಲಿ ಕೂತು, ದೇವಸ್ಥಾನಕ್ಕೆ ಕೈ ಮುಗಿದು ವಾಪಸ್ಸು. ಉಮೇದಿದ್ದ ದಿನ ಅರೆತಿಪ್ಪೂರಿನ ಕಡೆ. ಅಲ್ಲಿ ಜೈನರ ಕಾಲದ ಮೂರ್ತಿಗಳಿರುವ ಬೆಟ್ಟಗಳಿವೆ, ರಸ್ತೆ ಏರುತ್ತದೆ ಇಳಿಯುತ್ತದೆ, ತೊಡೆ ಉರಿಯುತ್ತದೆ. ಇನ್ನೂ ಉಮೇದಿದ್ದರೆ ಮಳವಳ್ಳಿ, ಪಕ್ಕದ ಮಾರೆಹಳ್ಳಿಯ ನರಸಿಂಹಸ್ವಾಮಿ, ಅಲ್ಲಿಂದ ಮುಂದೆ ಶಿವನಸಮುದ್ರದ ಹಳೇ ಕಲ್ಲಿನ ಸೇತುವೆ. ಕಾವೇರಿ ಕಡೆಗೆ ಇಳಿಯುವಾಗ ಶೋಭಾ ಬ್ರೇಕು ಹಿಡಿಯದೆ ಕೂಗುತ್ತಾ ಹೋಗುತ್ತಿದ್ದಳು. ನಾನು ಹೆದರುಪುಕ್ಕಲಿ, ಎರಡೂ ಬ್ರೇಕು ಹಿಡಿದುಕೊಂಡೇ ಇಳಿಯುವವಳು. ನನ್ನ ಜೀವನದ ಅತ್ಯಂತ ಖುಷಿಯ ಬೆಳಗುಗಳು ಅವು, ಅದನ್ನು ಈಗಲೂ ಇಲ್ಲ ಅನ್ನಲಾರೆ.

ಎಡಗೈಯ ಕಿರುಬೆರಳು, ಉಂಗುರದ ಬೆರಳು ಜೋಮು ಹಿಡಿಯಲು ಶುರುವಾದಾಗ ನನಗೆ ಸ್ವಲ್ಪವೂ ಭಯವಾಗಲಿಲ್ಲ. ಹೆಮ್ಮೆಯೇ ಆಯಿತು. ದೂರ ದೂರ ಸೈಕಲ್ ಹೊಡೆಯುವವರಿಗೆಲ್ಲ ಹ್ಯಾಂಡಲ್ಲಿನ ಒತ್ತಡಕ್ಕೆ ಅದೇ ಎರಡು ಬೆರಳು ಜೋಮು ಹಿಡಿಯುತ್ತವೆ, ಹಾಗಂತ ಎಲ್ಲರೂ ಹೇಳುತ್ತಾರೆ. ದಪ್ಪ ಮೆತ್ತೆಯ ಗ್ಲೌಸು ತಂದೆ. ಹ್ಯಾಂಡಲ್ಲಿನ ಪಟ್ಟಿ ಬದಲಾಯಿಸಿದೆ. ಹ್ಯಾಂಡಲ್ಲನ್ನೇ ಎತ್ತರಿಸಿಕೊಂಡೆ. ಮುಂಗೈ ಮೇಲೆ ಒಂದು ಮಾಸಲು ಮಚ್ಚೆ ಎದ್ದಿತ್ತು, ಅದು ಹಳೇ ಗ್ಲೌಸಿನ ಪಟ್ಟಿ ಬಿಸಿಲಿಗೆ ಬಿಟ್ಟ ಗುರುತು ಅಂದುಕೊಂಡೆ. ಸೈಕಲ್ಲಿನವರಿಗೆ ಬಿಸಿಲಿನ ಗೆರೆ ಅಂದರೆ ಒಡವೆ ಇದ್ದ ಹಾಗೆ, ತೋರಿಸಿಕೊಂಡು ತಿರುಗುತ್ತೇವೆ. ನಾನೂ ತೋರಿಸಿಕೊಂಡು ತಿರುಗಿದೆ. ವಿಜ್ಞಾನದ ಟೀಚರು! ಪ್ರತಿ ಜನವರಿಯಲ್ಲಿ, ಹುತಾತ್ಮರ ದಿನ, ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಕುಷ್ಠರೋಗದ ಪ್ರತಿಜ್ಞೆ ಹೇಳಿಕೊಡುತ್ತಿದ್ದವಳು ನಾನೇ. “ಸ್ಪರ್ಶಜ್ಞಾನವಿಲ್ಲದ ಮಚ್ಚೆ” ಅಂತ ಮೈಕಿನಲ್ಲಿ ಓದುತ್ತಿದ್ದೆ, ಹಾಳೆಯನ್ನು ಅದೇ ಎಡಗೈಯಲ್ಲಿ ಹಿಡಿದುಕೊಂಡು.

ಒಂದು ಭಾನುವಾರ ಮಾರೆಹಳ್ಳಿ ದೇವಸ್ಥಾನದ ಜಗಲಿಯಲ್ಲಿ ಕೂತಿದ್ದಾಗ ಶೋಭಾ ನನ್ನ ಮುಂಗೈ ಹಿಡಿದು ಬೆಳಕಿಗೆ ತಿರುಗಿಸಿದಳು. ಮಚ್ಚೆಯ ಮೇಲೆ ಉಗುರಿನಲ್ಲಿ ಚಿವುಟಿದಳು.

“ನೋವಾಯ್ತಾ?”

“ಇಲ್ಲ. ಯಾಕೆ?”

“ಏನಿಲ್ಲ, ಬಿಸಿಲು ಕಣೆ” ಅಂತ ಕೈ ಬಿಟ್ಟಳು. ಮಾರನೆಯ ದಿನ ಅಂಗಡಿಯಿಂದ ವಿಟಮಿನ್ ಮಾತ್ರೆ ಕಳಿಸಿದಳು, ನರಕ್ಕೆ ಒಳ್ಳೆಯದು ಅಂತ. ಅದು ಮುಗಿದರೆ ಇನ್ನೊಂದು ಪಟ್ಟಿ. ನಾನು ತಿಂಗಳುಗಟ್ಟಲೆ ನುಂಗಿದೆ. ಇಂಥ ಗೆಳತಿ ಯಾರಿಗಿದ್ದಾಳೆ ಅಂತ ಸ್ಟಾಫ್ ರೂಮಿನಲ್ಲಿ ಹೇಳಿಕೊಂಡೂ ಬಂದೆ.

ಅದಾಗಿ ಸುಮಾರು ಹತ್ತು ತಿಂಗಳಿಗೆ, ಸಂಕ್ರಾಂತಿಯ ಆಸುಪಾಸಿನಲ್ಲಿ ನಾನು ಬಿದ್ದೆ. ಅರೆತಿಪ್ಪೂರಿನ ಇಳಿಜಾರು, ಅವತ್ತು ಶೋಭಾ ಜೊತೆಗಿರಲಿಲ್ಲ. ತಿರುವಿನಾಚೆ ಯಾರೋ ಹುರುಳಿ ಗಿಡವನ್ನು ಟಾರು ರಸ್ತೆಗೆ ಹರಡಿದ್ದರು, ಬಸ್ಸು ಲಾರಿಗಳೇ ತುಳಿದು ಒಕ್ಕಲಿ ಅಂತ. ಅದು ನಮ್ಮ ಕಡೆಯ ಮಾಮೂಲಿ, ಸೈಕಲ್ಲಿನವರು ಮೊದಲೇ ನಿಧಾನ ಮಾಡಿಕೊಳ್ಳಬೇಕು. ಎಡಗೈಯ ಬ್ರೇಕು ಒತ್ತಿದೆ. ಒತ್ತಿದೆ ಅಂದುಕೊಂಡೆ. ಬೆರಳು ಮಡಚಲೇ ಇಲ್ಲ. ಬಲಗೈಯ ಬ್ರೇಕೊಂದೇ ಹಿಡಿದು, ಮುಂದಿನ ಚಕ್ರ ಹುರುಳಿಯ ಮೇಲೆ ಜಾರಿ, ಎಡ ಮಗ್ಗುಲಿಗೆ ಉರುಳಿದೆ. ಹುರುಳಿಯವಳು ಓಡಿ ಬಂದು, “ಅಯ್ಯೋ ನನ್ನವ್ವ, ರಕ್ತ ನೋಡು, ಅಂಗೈಯೆಲ್ಲ ಕಿತ್ತೋಗದೆ!” ಅಂತ ಬಾಯಿ ಬಡಿದುಕೊಂಡಳು. ನಾನು ನೋಡಿದೆ. ಗ್ಲೌಸಿನ ಸಮೇತ ಕಿತ್ತು ಹೋಗಿತ್ತು. ನನಗೆ ಅರಿವೇ ಇರಲಿಲ್ಲ.

ಆಸ್ಪತ್ರೆಯಲ್ಲಿ ಗಾಯ ತೊಳೆಯುತ್ತಿದ್ದ ಡಾಕ್ಟರು, “ಉರೀತಿಲ್ವಾ ಮೇಡಂ?” ಅಂದರು. “ಇಲ್ಲ ಸಾರ್, ನನಗೆ ತಡ್ಕೊಳ್ಳೋ ಶಕ್ತಿ ಜಾಸ್ತಿ” ಅಂದೆ, ಜಂಬದಿಂದಲೇ. ಅವರ ಕೈ ನಿಂತುಹೋಯಿತು. “ಕಣ್ಣು ಮುಚ್ಚಿ” ಅಂದರು. ಹತ್ತಿ ಮುಟ್ಟಿಸಿದರಂತೆ, ಪೆನ್ನಿನ ಮೊನೆ ಮುಟ್ಟಿಸಿದರಂತೆ, ನಾನು ಯಾವಾಗ ಶುರು ಮಾಡುತ್ತಾರೋ ಅಂತ ಕಾಯುತ್ತಾ ಕೂತಿದ್ದೆ. ಆಮೇಲೆ ಮೊಣಕೈ ಒಳಗೆ ಬೆರಳಿಟ್ಟು ನರವನ್ನು ಒತ್ತಿ ನೋಡಿ, ಮಂಡ್ಯಕ್ಕೆ ಹೋಗಿ ಚರ್ಮದ ವಿಭಾಗದಲ್ಲಿ ತೋರಿಸಿ ಅಂತ ಚೀಟಿ ಬರೆದರು.

ಮಂಡ್ಯದ ಆಸ್ಪತ್ರೆಯಲ್ಲಿ ಚರ್ಮದ ವಿಭಾಗದ ಬಾಗಿಲ ಮೇಲೆ ಆ ರೋಗದ ಹೆಸರು ದಪ್ಪ ಅಕ್ಷರದಲ್ಲಿತ್ತು. ಅದರ ಕೆಳಗಿನ ಬೆಂಚಿನಲ್ಲಿ ಕೂರಲು ನನಗೆ ಧೈರ್ಯ ಬರಲಿಲ್ಲ. ಎದುರಿಗೆ ದಂತ ವಿಭಾಗ, ಅಲ್ಲಿ ಹೋಗಿ ಕೂತು ಕೆನ್ನೆಗೆ ಕೈ ಹಿಡಿದುಕೊಂಡೆ. ನನ್ನ ವಿದ್ಯಾರ್ಥಿಯೊಬ್ಬಳ ತಾಯಿ ಹಾದುಹೋಗುತ್ತಾ ನಿಂತು, “ಅಲ್ಲು ನೋವಾ ಮೇಡಂ?” ಅಂದರು, ಹಲ್ಲು ತೋರಿಸಿ. “ಹೂಂನಮ್ಮ, ಹುಳುಕು” ಅಂದೆ. ಆಕೆ ಹೋಗದೆ ಪಕ್ಕದಲ್ಲೇ ಕೂತು, ತನ್ನ ದವಡೆ ಹಲ್ಲು ಕೀಳಿಸಿದ ಕಥೆ ಶುರು ಮಾಡಿದರು. ಅಷ್ಟರಲ್ಲಿ ಎದುರಿನ ಬಾಗಿಲಿನಿಂದ ನರ್ಸು ನನ್ನ ಹೆಸರನ್ನು, ಗಂಡನ ಹೆಸರನ್ನು, ಊರಿನ ಹೆಸರನ್ನೂ ಸೇರಿಸಿ ಗಟ್ಟಿಯಾಗಿ ಕೂಗಿದಳು. ಆ ಹತ್ತು ಹೆಜ್ಜೆ ನಡೆದದ್ದು ನನಗೆ ಮೇಲುಕೋಟೆ ಬೆಟ್ಟ ಹತ್ತಿದ್ದಕ್ಕಿಂತ ಕಷ್ಟವಾಗಿತ್ತು.

ಒಳಗಿದ್ದ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಗ್ಲೌಸು ಹಾಕದೆ ನನ್ನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು, ಆ ಹೆಸರು ಹೇಳಿದಳು. ಮಾತ್ರೆ ಇದೆ, ಸರ್ಕಾರವೇ ಕೊಡುತ್ತದೆ, ಪೂರ್ತಿ ವಾಸಿಯಾಗುತ್ತದೆ, ಮನೆಯಲ್ಲಿ ತಟ್ಟೆ ಲೋಟ ಬೇರೆ ಮಾಡಬೇಡಿ ಅಂದಳು. ಹೇಳಿ ಮುಗಿಸುವವರೆಗೂ ಕೈ ಬಿಡಲಿಲ್ಲ. ಅದೊಂದಕ್ಕೆ ಅವಳಿಗೆ ಪುಣ್ಯ ಬರಲಿ.

“ಬೆರಳು?” ಅಂದೆ.

“ಆರು ತಿಂಗಳು ಮುಂಚೆ ಬಂದಿದ್ರೆ ಪೂರ್ತಿ ಸರಿಹೋಗ್ತಿತ್ತು ಮೇಡಂ. ಈಗ ಎಷ್ಟು ಬರುತ್ತೋ ನೋಡೋಣ.”

ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಮೊದಲು ಫೋನು ಮಾಡಿದ್ದು ಗಂಡನಿಗಲ್ಲ, ಶೋಭಾಳಿಗೆ. ಅವಳು ಕೇಳಿಸಿಕೊಂಡಳು, “ಅಯ್ಯೋ ರೇಣು” ಅಂತ ಬಿಕ್ಕಿ ಬಿಕ್ಕಿ ಅತ್ತಳು. ನಾನೇ ಸಮಾಧಾನ ಮಾಡಿದೆ. “ಅಳ್ಬೇಡ ಕಣೆ, ವಾಸಿಯಾಗುತ್ತಂತೆ” ಅಂತ ನಾನು ಅವಳಿಗೆ ಹೇಳಿದೆ! ಈಗ ನೆನೆಸಿಕೊಂಡರೆ ಮೈ ಉರಿಯುತ್ತದೆ.

ನನ್ನ ಗಂಡ ಶಿವಣ್ಣ ಗೆಜ್ಜಲಗೆರೆಯ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವವರು. ಅವರು ಕೇಳಿದ ಮೊದಲ ಮಾತು, “ಸ್ಕೂಲಲ್ಲಿ ಯಾರಿಗೂ ಗೊತ್ತಾಗಿಲ್ಲ ತಾನೇ?” ಕೆಟ್ಟವರಲ್ಲ, ಹೆದರಿದ್ದರು. ಫ್ಯಾನು ಚೆನ್ನಾಗಿ ಬರುತ್ತದೆ ಅಂತ ಹಾಲಿನಲ್ಲಿ ಮಲಗತೊಡಗಿದರು. ಚಳಿಗಾಲದಲ್ಲಿ ಎಂಥ ಫ್ಯಾನು. ಡಾಕ್ಟರು ಬೇಡ ಅಂದಿದ್ದರೂ ನಾನೇ ನನಗೊಂದು ತಟ್ಟೆ, ಒಂದು ಲೋಟ ಬೇರೆ ಇಟ್ಟುಕೊಂಡೆ.

ಮೂರನೆಯ ದಿನ ನಮ್ಮತ್ತೆ ನಿಂಗಮ್ಮ ಆ ತಟ್ಟೆ ನೋಡಿದರು. “ಇದ್ಯಾರ್ಗಮ್ಮಿ? ನಾಯ್ಗಾ?”

“ನನಗೆ ಅತ್ತೆ.”

ಅದನ್ನೆತ್ತಿ ಹಿತ್ತಲಿಗೆ ಎಸೆದರು. ಆಮೇಲೆ ಕೂತು ಹೇಳಿದರು. “ನಮ್ಮಪ್ಪನ ತಂಗಿಗೆ ಇದೇ ದೊಡ್ಡ್ ರೋಗ ಬಂದಿತ್ತು. ಊರಾಚೆ ಗುಡ್ಲಾಕಿ ಮಡಗಿದ್ರು. ನಾನು ಸಣ್ಣೋಳು, ದಿನಾ ಇಟ್ಟು ಸಾರು ತಕ್ಕೊಂಡೋಗಿ ದೂರದಲ್ಲಿಟ್ಟು ಓಡ್ಬತ್ತಿದ್ದೆ. ನಿಂಗೀ, ಒಂದ್ ಗಳಿಗೆ ಕೂತ್ಕೊಳೇ ಅಂತಿತ್ತು. ಒಂದಿನಾನೂ ಕೂತ್ಕಳ್ನಿಲ್ಲ ನಾನು.” ಸೆರಗಿನಲ್ಲಿ ಮೂಗು ಒರೆಸಿಕೊಂಡರು. “ಬುಡು, ಬಡ್ಸು ಈಗ. ಒಂದೇ ತಟ್ಟೇಲಿ ತಿನ್ನವ.” ಅವತ್ತು ಸಂಜೆ ಮಗನ ಹಾಸಿಗೆ ಸುತ್ತಿ ನಮ್ಮ ರೂಮಿಗೆ ಎಸೆದವರೂ ಅವರೇ.

ಎರಡು ವಾರಕ್ಕೆ ಮತ್ತೆ ಹುತಾತ್ಮರ ದಿನ ಬಂತು. ಪ್ರತಿಜ್ಞೆಯ ಹಾಳೆಯನ್ನು ಹೆಡ್ ಮಾಸ್ಟರು ಎಂದಿನಂತೆ ನನ್ನ ಕೈಗೇ ಕೊಟ್ಟರು. ರೋಗಿಗಳನ್ನು ಭೇದಭಾವದಿಂದ ಕಾಣುವುದಿಲ್ಲ ಅಂತ ಮಕ್ಕಳೆಲ್ಲ ನನ್ನ ಹಿಂದೆ ಕೂಗಿದರು. ಅರ್ಧಕ್ಕೆ ನಿಲ್ಲಿಸಿ, ಕೆಮ್ಮು ಅಂತ ನೀರು ತರಿಸಿಕೊಂಡೆ.

ಮಾತ್ರೆಗೆ ಮೊದಲ ದಿನ ಮೂತ್ರ ಕೆಂಪಗೆ ಹೋಗಿ ಬಚ್ಚಲಲ್ಲಿ ಕಿರುಚಿಕೊಂಡದ್ದು, ಮುಖ ಕಪ್ಪಿಟ್ಟದ್ದು, ನರದ ಊತಕ್ಕೆ ಕೊಟ್ಟ ಔಷಧಿಗೆ ಕೆನ್ನೆ ಊದಿ ಕಡುಬಾದದ್ದು, ಎಲ್ಲ ಆಯಿತು. ಸೈಕಲ್ಲು ಗೋಡೆಗೆ ಒರಗಿತ್ತು. ಶೋಭಾ ಬರಲಿಲ್ಲ. ಅವಳ ಮಗಳು ಕಾವ್ಯಳ ನಿಶ್ಚಿತಾರ್ಥ, ಅಂಗಡಿ ಬಿಡಲಾಗುತ್ತಿಲ್ಲ, ಮುಂದಿನ ವಾರ ಖಂಡಿತ ಅಂತ ಫೋನಿನಲ್ಲಿ ಹೇಳುತ್ತಿದ್ದಳು. ಪಾಪ, ಎಷ್ಟು ಓಡಾಟ ಅಂತ ನಾನೇ ಮರುಗುತ್ತಿದ್ದೆ.

ನಾಲ್ಕನೆಯ ತಿಂಗಳಲ್ಲಿ ಅತ್ತೆ ಹಟ ಹಿಡಿದು ನನ್ನನ್ನು ಆಟೋದಲ್ಲಿ ವೈದ್ಯನಾಥಪುರಕ್ಕೆ ಕರೆದುಕೊಂಡು ಹೋದರು. ಚರ್ಮದ ಕಾಯಿಲೆಯವರು ಹರಕೆ ಹೊತ್ತು ಬರುವ ಜಾಗ ಅದು. ಸುಡು ಬಿಸಿಲಿನ ಸೋಮವಾರ, ಜನ ಕಮ್ಮಿ. ಸಂಕಲ್ಪಕ್ಕೆ ಅರ್ಚಕರು ಹೆಸರು, ನಕ್ಷತ್ರ ಕೇಳಿದರು. ರೇಣುಕಾ, ವಿಶಾಖ ಅಂದೆ. ಅವರು ತಲೆಯೆತ್ತಿ ನೋಡಿದರು.

“ಓ, ನೀವೇನಾ? ಮೆಡಿಕಲ್ ಶಾಪಿನಮ್ಮ ಪ್ರತಿ ಸೋಮವಾರ ನಿಮ್ಮ ಹೆಸರಲ್ಲೇ ಅಭಿಷೇಕ ಮಾಡಿಸ್ತಾರಲ್ಲ. ಹೋದ ವರ್ಷದ ಶಿವರಾತ್ರಿಯಿಂದ ಒಂದು ವಾರ ತಪ್ಪಿಸಿಲ್ಲ. ನನ್ನ ಗೆಳತಿಗೆ ಚರ್ಮದ ದೊಡ್ಡ ಕಾಯಿಲೆ, ವಾಸಿಯಾಗ್ಲಿ ಅಂತ ಕಣ್ಣೀರು ಹಾಕ್ತಿದ್ರು. ಈಗ ಹೇಗಿದೆಯಮ್ಮ?”

ಹೋದ ವರ್ಷದ ಶಿವರಾತ್ರಿ. ಅವಳು ನನ್ನ ಕೈ ಚಿವುಟಿದ್ದು ಅದರ ಹಿಂದಿನ ವಾರ. ನಾನು ಬಿದ್ದದ್ದು ಅದಾಗಿ ಹತ್ತು ತಿಂಗಳ ಮೇಲೆ. ಆ ಹತ್ತು ತಿಂಗಳಲ್ಲಿ ಅವಳು ನನ್ನ ನೀರಿನ ಬಾಟಲಿಗೆ ಒಂದು ಸಲವೂ ಬಾಯಿ ಹಚ್ಚಿರಲಿಲ್ಲ, ತನ್ನದೇ ಎರಡು ತರುತ್ತಿದ್ದಳು ಅನ್ನುವುದೂ ಅಲ್ಲೇ ನಿಂತಲ್ಲೇ ತಲೆಗೆ ಬಂತು. ಅರ್ಚಕರು ಮೃತ್ತಿಕೆ, ಅದೇ ಪ್ರಸಾದದ ಮಣ್ಣು, ಕೊಟ್ಟರು, ನಾನು ಕೈ ನೀಡಲಿಲ್ಲ, ಅತ್ತೆ ಈಸಿಕೊಂಡರು.

ಆಟೋದವನಿಗೆ ನೇರ ಪೇಟೆ ಬೀದಿಗೆ ಹೋಗು ಅಂದೆ. ಶೋಭಾ ಗಲ್ಲಾದ ಹಿಂದೆ ನಿಂತು ಮಾತ್ರೆಯ ಡಬ್ಬಿ ಜೋಡಿಸುತ್ತಿದ್ದಳು. ನನ್ನನ್ನು ನೋಡಿ ನಕ್ಕಳು, ಆಮೇಲೆ ನಗು ಹೋಯಿತು.

“ನಿಂಗೆ ಗೊತ್ತಿತ್ತಾ?” ಅಂದೆ.

“ಏನು?”

“ಈಗ ವೈದ್ಯನಾಥಪುರದಿಂದ ಬಂದೆ ಶೋಭಾ.”

ಅವಳು ಡಬ್ಬಿ ಕೆಳಗಿಟ್ಟಳು. “ಅನುಮಾನ ಇತ್ತು ಕಣೆ, ಅಷ್ಟೇ. ನಾನೇನು ಡಾಕ್ಟ್ರಾ?”

“ಡಾಕ್ಟ್ರಿಗೆ ತೋರಿಸು ಅನ್ನೋಕೆ ಡಾಕ್ಟ್ರಾಗಿರಬೇಕಾ?”

“ಹೆಂಗೆ ಹೇಳ್ಲಿ ನಿಂಗೆ? ಆ ಹೆಸರು ನನ್ನ ಬಾಯಲ್ಲಿ ಬರಲಿಲ್ಲ. ಕಾವ್ಯಂಗೆ ಆಗ ಗಂಡು ನೋಡ್ತಿದ್ವಿ. ನಾವಿಬ್ರೂ ಜೊತೇಲೇ ತಿರುಗೋದು ಊರಿಗೆಲ್ಲ ಗೊತ್ತು. ನಿಂಗಿದೆ ಅಂದ್ರೆ ನಂಗೂ ಇದೆ ಅಂತಾರೆ, ನನ್ನ ಮಗಳಿಗೂ ಇದೆ ಅಂತಾರೆ. ನಿಶ್ಚಿತಾರ್ಥ ಒಂದು ಮುಗೀಲಿ, ಆಮೇಲೆ ನಾನೇ ಕರ್ಕೊಂಡ್ ಹೋಗೋಣ ಅಂತಿದ್ದೆ. ಕಾವ್ಯನ ಮೇಲಾಣೆ ರೇಣು.”

“ಅಲ್ಲೀವರೆಗೆ ವಿಟಮಿನ್ ಕೊಟ್ಟೆ.”

“ದೇವ್ರಿಗೆ ಹೇಳ್ಕೊಂಡೆ ಕಣೆ! ಪ್ರತಿ ಸೋಮವಾರ ನಿನಗೋಸ್ಕರ ಉಪವಾಸ ಇದ್ದೀನಿ, ಇವತ್ತೂ ಇದ್ದೀನಿ!”

ಅದು ಸುಳ್ಳಲ್ಲ. ಅವಳ ತುಟಿ ಒಣಗಿದ್ದು ಕಾಣುತ್ತಿತ್ತು. ಅದೇ ನನಗೆ ತಡೆಯಲಾಗದೆ ಹೋದದ್ದು. ನನ್ನ ಮೇಲೆ ಪ್ರೀತಿ ಇಲ್ಲದವಳಾಗಿದ್ದರೆ ಥೂ ಅಂದು ಬಂದುಬಿಡುತ್ತಿದ್ದೆ.

“ದೇವ್ರಿಗೆ ಗೊತ್ತಿತ್ತು ಶೋಭಾ, ಗೊತ್ತಿಲ್ಲದೇ ಇದ್ದಿದ್ದು ನಂಗೆ” ಅಂದೆ. ಎಡಗೈಯನ್ನು ಅವಳ ಗಲ್ಲಾದ ಮೇಲಿಟ್ಟು ಬೆರಳು ಬಿಡಿಸಲು ನೋಡಿದೆ. ಮೂರು ನೆಟ್ಟಗಾದವು, ಎರಡು ಮಡಚಿಕೊಂಡೇ ಇದ್ದವು. ಅವಳು ನೋಡಲಿಲ್ಲ. ಯಾರೋ ಜ್ವರದ ಮಾತ್ರೆ ಕೇಳುತ್ತಾ ಬಂದರು, ಅವಳು ತಿರುಗಿ ಮಾತ್ರೆ ಹುಡುಕಿದಳು. ನಾನು ಹೊರಟು ಬಂದೆ.

ಒಂದು ವರ್ಷ ಮಾತ್ರೆ ಮುಗಿಸಿದೆ. ಉಂಗುರದ ಬೆರಳು ಮುಕ್ಕಾಲು ವಾಪಸ್ಸು ಬಂತು. ಕಿರುಬೆರಳು ಬರಲಿಲ್ಲ. ಹಿಡಿತ ಅರ್ಧ. ಕೊಬ್ಬರಿ ತುರಿಯುವಾಗ ಎಡಗೈ ಜಾರುತ್ತದೆ, ಒಲೆಯ ಮೇಲಿನ ಪಾತ್ರೆ ಮುಟ್ಟುವ ಮುಂಚೆ ಬಲಗೈಯನ್ನು ಕೇಳಬೇಕು. ಮಂಡ್ಯದ ಸೈಕಲ್ ರಿಪೇರಿಯವರು ಎರಡೂ ಬ್ರೇಕನ್ನು ಬಲಗೈಗೇ ಜೋಡಿಸಿಕೊಟ್ಟರು. “ಎಡಗೈ ಸುಮ್ನೆ ಇಡ್ಕಂಡಿರ್ಲಿ ಬುಡಿ ಮೇಡಂ, ಅದ್ಕೂ ರಜ” ಅಂದರು. ಯಾಕೆ ಏನು ಅಂತ ಒಂದು ಮಾತು ಕೇಳಲಿಲ್ಲ, ಆ ಉಪಕಾರ ನಾನು ಮರೆಯುವುದಿಲ್ಲ. ಈಗ ಒಬ್ಬಳೇ ಹೋಗುತ್ತೇನೆ. ಶೋಭಾ ಕಾವ್ಯಳ ಮದುವೆಗೆ ಕರೆಯಲು ಮನೆಗೆ ಬಂದಿದ್ದಳಂತೆ, ಅತ್ತೆ ಕಾಫಿ ಕೊಟ್ಟರಂತೆ. ನಾನು ಸ್ಕೂಲಿನಿಂದ ಬೇಕಂತಲೇ ತಡವಾಗಿ ಬಂದೆ. ಮದುವೆಗೂ ಹೋಗಲಿಲ್ಲ.

ಇದನ್ನು ಬರೆಯಬೇಕು ಅನ್ನಿಸಿದ್ದು ಹೋದ ತಿಂಗಳು. ಮಳವಳ್ಳಿ ದಾಟಿ ಬಂಡೂರಿನ ಕಡೆ ಹೋಗಿದ್ದೆ. ರಸ್ತೆ ತುಂಬ ಕುರಿ, ಕುಳ್ಳಗೆ, ದುಂಡಗೆ. ಇಳಿದು ನಿಂತೆ. ಕುರಿ ಹೊಡೆಯುತ್ತಿದ್ದ ಹೆಂಗಸಿಗೆ ನನ್ನದೇ ವಯಸ್ಸು.

“ಯಾವೂರವ್ವಾ? ಒಬ್ಳೇ ಒಂಟಿದ್ದೀಯಲ್ಲ, ಗಂಡ ಸೈಕಲ್ ತುಳೀಯಕ್ಕಿಲ್ವಾ?” ಅಂತ ನಕ್ಕಳು. ನಾನೂ ನಕ್ಕೆ. ಕೋಲು ಹಿಡಿದ ಅವಳ ಕೈಯಲ್ಲಿ ಎರಡು ಬೆರಳು ಮಡಚಿಕೊಂಡಿದ್ದವು. ಬೆರಳ ತುದಿಯಲ್ಲಿ ಸುಟ್ಟ ಗಾಯ, ಮೊಣಕೈವರೆಗೆ ಮಾಸಲು ಮಚ್ಚೆ.

“ಕೈಗೇನಾಯ್ತಮ್ಮ?”

“ಒಲೇಲಿ ಸುಟ್ಕತೀನಿ ಕಣವ್ವ, ಗೊತ್ತೇ ಆಗಕ್ಕಿಲ್ಲ. ನನ್ ಚರ್ಮ ಎಮ್ಮೆ ಚರ್ಮ.”

“ಹುಷಾರಮ್ಮ” ಅಂದೆ. ಸೈಕಲ್ ಹತ್ತಿ ಹೊರಟುಬಿಟ್ಟೆ. ಗುರುತಿಲ್ಲ ಪರಿಚಯವಿಲ್ಲ, ಮನೆಯಲ್ಲಿ ಮದುವೆಗೆ ಬಂದ ಮಕ್ಕಳಿರಬಹುದು, ನಾನ್ಯಾರು ಹೇಳಲು, ಅವರೂರಿನ ಆಶಾ ಕಾರ್ಯಕರ್ತೆ ಹೇಳುತ್ತಾಳೆ ಬಿಡು. ಹೀಗೆಲ್ಲ ಅಂದುಕೊಳ್ಳುತ್ತಾ ಮುಂದಿನ ಮೋರಿಯವರೆಗೂ ಹೋದೆ. ಅಲ್ಲಿ ಕಾಲೂರಿ ನಿಂತೆ. ಆ ಹೆಸರು ನನ್ನ ಬಾಯಲ್ಲೂ ಬರುತ್ತಿರಲಿಲ್ಲ, ಅದೇ ರೋಗ ಉಂಡು ಅರಗಿಸಿಕೊಂಡ ನನ್ನ ಬಾಯಲ್ಲೂ.

ಸೈಕಲ್ ತಿರುಗಿಸಿದೆ. ಅವಳ ಮುಂದೆ ನಿಂತು ಗ್ಲೌಸು ಬಿಚ್ಚಿ ನನ್ನ ಎಡಗೈ ತೋರಿಸಿದೆ. ರೋಗದ ಹೆಸರು ಹೇಳಿದೆ. ಮಾತ್ರೆ ಇದೆ, ಬಿಟ್ಟಿ ಕೊಡುತ್ತಾರೆ, ನಾನು ತಿಂದು ವಾಸಿ ಮಾಡಿಕೊಂಡಿದ್ದೇನೆ, ತಡ ಮಾಡಿದಷ್ಟೂ ಬೆರಳು ಹೋಗುತ್ತದೆ ಅಂದೆ. ಬೈಯುತ್ತಾಳೆ ಅಂತ ಕಾದೆ.

ಅವಳು ನನ್ನ ಬೆರಳನ್ನು ನೋಡಿದಳು, ತನ್ನದನ್ನು ನೋಡಿಕೊಂಡಳು. “ಮೂರ್ ವರ್ಸದಿಂದ ಐತವ್ವ. ನಮ್ಮೂರ್ನಲ್ಲಿ ಎಲ್ಲಾರೂ ನೋಡವ್ರೆ. ನನ್ ಕೈಲಿ ಈಳ್ಯದೆಲೆ ಈಸ್ಕಳೋದ್ನೂ ಬುಟ್ಟವ್ರೆ. ಒಬ್ರಾದ್ರೂ ಇಂಗೆ ಅಂತ ಯೋಳ್ನಿಲ್ವಲ್ಲ” ಅಂದಳು. ಕುರಿಗಳನ್ನು ರಸ್ತೆಯ ಪಕ್ಕಕ್ಕೆ ಹೊಡೆದು, “ಆಸ್ಪತ್ರೆಗೆ ನಂಗೊಬ್ಳಿಗೇ ಓಗಕ್ಕೆ ಬರಕ್ಕಿಲ್ಲ” ಅಂದಳು. ಮಂಗಳವಾರ ಮಳವಳ್ಳಿ ಆಸ್ಪತ್ರೆಯ ಗೇಟಿನಲ್ಲಿ ನಾನು ನಿಂತಿರುತ್ತೇನೆ ಅಂದೆ. ಸ್ಕೂಲಿಗೆ ರಜ ಹಾಕಿ ಹೋದೆ. ಬಂದಳು, ಒಗೆದ ಸೀರೆ ಉಟ್ಟುಕೊಂಡು. ಚರ್ಮದ ವಿಭಾಗದ ಬೆಂಚಿನಲ್ಲೇ ಇಬ್ಬರೂ ಕೂತೆವು.

ನಿಮ್ಮ ಬೆರಳೂ ಜೋಮು ಹಿಡಿಯುತ್ತಿದ್ದರೆ ಗ್ಲೌಸು ಬದಲಾಯಿಸುವ ಮುಂಚೆ ಹೋಗಿ ತೋರಿಸಿ. ಪಕ್ಕದಲ್ಲಿರುವವರ ಕೈಯಲ್ಲಿ ಮಚ್ಚೆ ಕಂಡರೆ ಅವರಿಗೇ ಹೇಳಿ. ಹೇಳುವುದು ಕಷ್ಟ ಅಂತ ನನಗೆ ಗೊತ್ತು, ಮೋರಿಯ ಹತ್ತಿರ ಗೊತ್ತಾಯಿತು. ಅದು ಗೊತ್ತಾದ ಮೇಲೆ ಶೋಭಾಳ ಮೇಲಿನ ಸಿಟ್ಟು ಇಳಿಯುತ್ತದೆ ಅಂದುಕೊಂಡಿದ್ದೆ. ಇಳಿಯಲಿಲ್ಲ, ಜಾಸ್ತಿಯಾಯಿತು. ಹೆಸರೂ ಗೊತ್ತಿಲ್ಲದ ಹೆಂಗಸಿಗೆ ಹೇಳಲು ನಾನು ಆ ಮೋರಿಯಿಂದ ವಾಪಸ್ಸು ಬಂದೆ. ಹತ್ತು ತಿಂಗಳಲ್ಲಿ ಎಷ್ಟು ಭಾನುವಾರ ನನ್ನ ಪಕ್ಕದಲ್ಲೇ ಸೈಕಲ್ ತುಳಿದಳು ಅವಳು.